ಹತ್ತು ಪ್ರಶ್ನೆ ನಾಲ್ಕಾದದ್ದು: ಕರಾವಳಿಯ ಒಂದು ಅಭ್ಯರ್ಥಿ ಸಂವಾದದ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಯಾರ ಹೆಸರೂ ಇಲ್ಲ. ದಕ್ಷಿಣ ಕನ್ನಡದ 8, ಉಡುಪಿಯ 5, ಒಟ್ಟು 13 ವಿಧಾನಸಭಾ ಕ್ಷೇತ್ರಗಳಲ್ಲಿ ಇದು ಯಾವುದು, ಯಾವ ವರ್ಷದ ಚುನಾವಣೆ, ಯಾವ ಪಕ್ಷ ಎಂಬುದನ್ನು ಬಿಟ್ಟಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಆಚೀಚೆ ಮಾಡಿದ್ದೇನೆ. ಯಾರು ಗೆದ್ದರು ಎಂದೂ ಬರೆದಿಲ್ಲ. ಅದನ್ನು ಬರೆದರೆ ಓದುವವರು ಉಳಿದದ್ದನ್ನೆಲ್ಲ ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತಾರೆ. ಮೂರು ಮದುವೆ ಊಟದಲ್ಲಿ ಇದೇ ಕತೆ ಹೇಳಿ ನೋಡಿದ್ದೇನೆ. ಮೂರು ಕಡೆಯೂ ಮೊದಲ ಪ್ರಶ್ನೆ "ಅವರು ನಮ್ಮವರಾ, ಅವರ ಕಡೆಯವರಾ?" ಎಂದೇ ಇತ್ತು.

ಹಿನ್ನೆಲೆ

ಅಭ್ಯರ್ಥಿಗಳಿಗೆ ಪ್ರಶ್ನೆ ಕೇಳಲು ಕೂಡಿದ ಬಳಗ ನಮ್ಮದು, ಒಂಬತ್ತು ಜನ. ನಾನು ನಿವೃತ್ತ ಮೇಷ್ಟ್ರು. ಇನ್ನೊಬ್ಬರು ವಕೀಲರು, ಒಬ್ಬರು ಡಾಕ್ಟರು, ಒಬ್ಬರು ಹಾಲಿನ ಸೊಸೈಟಿಯ ಅಧ್ಯಕ್ಷರು, ಒಬ್ಬರು ಅಂಗನವಾಡಿ ಟೀಚರ್. ಮೂವರು ನಿವೃತ್ತ ಬ್ಯಾಂಕ್ ನೌಕರರು. ನಮ್ಮ ಊರಲ್ಲಿ ಇದು ಆಶ್ಚರ್ಯವೇನಲ್ಲ. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ ಹುಟ್ಟಿದ್ದು ಇಲ್ಲೇ. ಸಿಂಡಿಕೇಟ್ 1925, ವಿಜಯಾ 1931. ಅವಿಭಜಿತ ಜಿಲ್ಲೆಯಲ್ಲಿ ಹತ್ತು ಜನ ಸೇರಿದರೆ ಮೂವರಿಗೆ ಬ್ಯಾಂಕ್ ಪಿಂಚಣಿ ಇದ್ದೇ ಇರುತ್ತದೆ. ಒಂಬತ್ತನೆಯವರು ಯಕ್ಷಗಾನದ ಹವ್ಯಾಸಿ ಅರ್ಥಧಾರಿ. ಅವರು ಪತ್ತನಾಜೆಯ ತನಕ, ಅಂದರೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನದ ತನಕ, ಸಭೆಗೆ ಬಂದದ್ದೇ ಕಡಿಮೆ.

ಬಳಗ ಶುರುವಾದದ್ದು ಒಂದು ಬೇಸರದಿಂದ. ಅದರ ಹಿಂದಿನ ಚುನಾವಣೆಯಲ್ಲಿ ಪ್ರಚಾರ ತುಂಬಾ ಕೆಳಗಿಳಿದಿತ್ತು. ಒಬ್ಬರ ಮನೆಯ ಹೆಂಗಸರ ಬಗ್ಗೆ ಇನ್ನೊಬ್ಬರ ಕಡೆಯವರು ಆಡಿದ ಮಾತು ವಾಟ್ಸಾಪ್‌ನಲ್ಲಿ ಓಡಾಡಿತು. ನಮ್ಮ ಹಿರಿಯ ಬ್ಯಾಂಕಿನವರಿಗೆ ಆಗ 76 ವರ್ಷ. ಅವರು ಒಂದು ಸಂಜೆ ಗೋಳಿಬಜೆ ತಿನ್ನುತ್ತಾ ಹೇಳಿದರು: "ನಮ್ಮ ಕಾರ್ಕಳದ ಕೆ.ಎಸ್. ಹೆಗ್ಡೆಯವರು 1973ರಲ್ಲಿ ಸುಪ್ರೀಂ ಕೋರ್ಟ್ ಜಡ್ಜ್ ಕುರ್ಚಿಯನ್ನೇ ಬಿಟ್ಟು ಬಂದ್ರು. ಜೂನಿಯರ್ ಒಬ್ಬರನ್ನು ಮೇಲೆ ಕೂರಿಸಿದ್ದಕ್ಕೆ. ಆಮೇಲೆ ಲೋಕಸಭೆಯ ಸ್ಪೀಕರ್ ಆದ್ರು. ಈಗ ಕೇಸು ಬಿದ್ದವನೂ ಕುರ್ಚಿ ಬಿಡುವುದಿಲ್ಲ ಮಾರಾಯ್ರೆ."

ಹಿಂದಿನವರೆಲ್ಲ ಚಿನ್ನ, ಈಗಿನವರೆಲ್ಲ ಹಿತ್ತಾಳೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವವನಲ್ಲ. 1956ರಲ್ಲಿ ಅರಿಯಲೂರು ರೈಲು ಅಪಘಾತಕ್ಕೆ ಶಾಸ್ತ್ರಿಯವರು ರಾಜೀನಾಮೆ ಕೊಟ್ಟದ್ದು ಹೌದು. ಆದರೆ ಅದೇ ಕಾಲದ ನೂರಾರು ಅಭ್ಯರ್ಥಿಗಳ ಆಸ್ತಿ ಎಷ್ಟಿತ್ತು, ಕೇಸು ಎಷ್ಟಿತ್ತು ಎಂದು ನೋಡಲು ನಮ್ಮ ಹತ್ತಿರ ಕಾಗದವೇ ಇಲ್ಲ. ಅಭ್ಯರ್ಥಿ ತನ್ನ ಕೇಸು, ಆಸ್ತಿ, ಸಾಲ, ಓದು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಹೇಳಬೇಕು ಎಂದು ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2002ರ ಮೇ ತಿಂಗಳಲ್ಲಿ. ಅದನ್ನು ತಪ್ಪಿಸಲು ತಂದ ತಿದ್ದುಪಡಿಯನ್ನು ಕೋರ್ಟು 2003ರಲ್ಲಿ ಹೊಡೆದುಹಾಕಿತು. ಅಲ್ಲಿಂದ ಈಚೆಗೆ ಮಾತ್ರ ನಮಗೆ ಲೆಕ್ಕ ಸಿಗುತ್ತದೆ. ಹಾಗಾಗಿ ಮಟ್ಟ ಕುಸಿದಿದೆ ಎನ್ನುವಾಗ ನಾನು ನೋಡುವುದು ಒಂದೇ ವಿಷಯ. ಕೇಳಿದಾಗ ಉತ್ತರ ಕೊಡಬೇಕು ಎಂಬ ಮುಜುಗರ ಅಭ್ಯರ್ಥಿಗೆ ಉಳಿದಿದೆಯಾ? ಕೇಳಬೇಕು ಎಂಬ ಮುಜುಗರ ನಮಗೆ ಉಳಿದಿದೆಯಾ? ಈ ಎರಡನೆಯದನ್ನು ಮೊದಲು ನಾನು ಯೋಚಿಸಿರಲಿಲ್ಲ. ಪ್ರಕರಣ ಇರುವುದೇ ಅಲ್ಲಿ.

ಸರಿ, ನಾವು ತೀರ್ಮಾನ ಮಾಡಿದ್ದು ಇಷ್ಟು: ಎಲ್ಲಾ ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕರೆಯುವುದು. ಎಲ್ಲರಿಗೂ ಒಂದೇ ಹತ್ತು ಪ್ರಶ್ನೆ. ಒಬ್ಬೊಬ್ಬರಿಗೆ ಎರಡು ನಿಮಿಷ. ಗಂಟೆ ಬಾರಿಸಿದರೆ ಮಾತು ನಿಲ್ಲಬೇಕು. ಭಾಷಣ ಇಲ್ಲ, ಹಾರ ಇಲ್ಲ, ಶಾಲು ಇಲ್ಲ. ನಡವಳಿ ಪುಸ್ತಕ ಬರೆಯುವ ಕೆಲಸ ನನಗೆ ಬಂತು, ಸಭೆ ನಡೆಸುವ ಕೆಲಸವೂ.

ಹತ್ತು ಪ್ರಶ್ನೆ

ನಡವಳಿ ಪುಸ್ತಕದ 14ನೇ ಪುಟದಲ್ಲಿ ಅವು ಈಗಲೂ ಇವೆ. ನೀಲಿ ಶಾಯಿಯಲ್ಲಿ ಬರೆದದ್ದು, ಕೆಂಪು ಶಾಯಿಯಲ್ಲಿ ಹೊಡೆದದ್ದು.

ನಿಮ್ಮ ಮೇಲಿನ ಕೇಸು ಯಾವುದು, ಯಾವ ಹಂತದಲ್ಲಿದೆ? ಕಳೆದ ಅಫಿಡವಿಟ್‌ಗೂ ಈ ಅಫಿಡವಿಟ್‌ಗೂ ಆಸ್ತಿಯಲ್ಲಿ ಎಷ್ಟು ವ್ಯತ್ಯಾಸ, ಯಾಕೆ? ನಿಮ್ಮ ಸಂಬಂಧಿಕರಿಗೆ ಸರಕಾರಿ ಗುತ್ತಿಗೆ ಉಂಟಾ? ಟಿಕೆಟ್‌ಗೆ ಎಷ್ಟು ಖರ್ಚಾಯಿತು? ಪಕ್ಷ ಬದಲಿಸಿದ್ದೀರಾ, ಯಾಕೆ? ಒಂದು ಸಮುದಾಯದ ವಿರುದ್ಧ ಇನ್ನೊಂದನ್ನು ಎತ್ತಿಕಟ್ಟುವ ಭಾಷಣ ಮಾಡಿದ್ದೀರಾ, ಅದರಲ್ಲಿ ಈಗ ವಾಪಸ್ ತೆಗೆದುಕೊಳ್ಳುವ ಮಾತು ಯಾವುದು? ವಿಧಾನಸಭಾ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ, ನೀವು ಅಷ್ಟರಲ್ಲಿ ಮುಗಿಸುತ್ತೀರಾ? ಯಾವ ಸಂದರ್ಭದಲ್ಲಿ ನೀವಾಗಿಯೇ ರಾಜೀನಾಮೆ ಕೊಡುತ್ತೀರಿ? ಸದನದಲ್ಲಿ ಹಾಜರಾತಿ ಎಷ್ಟಿರುತ್ತದೆ? ಮೊದಲ ನೂರು ದಿನ ಏನು ಮಾಡುತ್ತೀರಿ?

ಒಳ್ಳೆಯ ಪಟ್ಟಿ ಅಲ್ವಾ? ನಮಗೂ ಹಾಗೇ ಅನಿಸಿತ್ತು.

ಟಿಕೆಟ್ ಖರ್ಚಿನ ಪ್ರಶ್ನೆ ಮೊದಲ ವಾರವೇ ಹೋಯಿತು. "ಯಾರೂ ನಿಜ ಹೇಳುವುದಿಲ್ಲ, ಸುಮ್ನೆ ಯಾಕೆ" ಎಂದರು. ಭಾಷಣದ ಪ್ರಶ್ನೆಯನ್ನು ಡಾಕ್ಟರು ಬೇಡ ಎಂದರು, ಊರಲ್ಲಿ ಗಲಾಟೆಯಾದರೆ ಯಾರು ಹೊಣೆ ಎಂದು. ಅದಕ್ಕೆ ಎಲ್ಲರೂ ತಲೆಯಾಡಿಸಿದರು, ನಾನೂ. ಪಕ್ಷಾಂತರದ್ದು ಒಬ್ಬರಿಗೆ ಮಾತ್ರ ಅನ್ವಯಿಸುತ್ತದೆ, ಅನ್ಯಾಯ ಎಂದು ಬಿಟ್ಟೆವು. 40 ಲಕ್ಷದ ಪ್ರಶ್ನೆಯನ್ನು ಯಾಕೆ ಬಿಟ್ಟೆವು ಎಂಬುದಕ್ಕೆ ಪುಸ್ತಕದಲ್ಲಿ ಕಾರಣವೇ ಬರೆದಿಲ್ಲ. ನೆನಪೂ ಇಲ್ಲ. ಹೀಗೆ ಆರು ಉಳಿದವು. ಆಗಲೂ ನಮಗೆ ಏನೋ ಕಳೆದುಕೊಂಡೆವು ಎಂದು ಅನಿಸಿರಲಿಲ್ಲ. ಒಂದೊಂದನ್ನೂ ಬಿಡುವಾಗ ಒಂದೊಂದು ನ್ಯಾಯವಾದ ಕಾರಣ ಇದೆ ಎಂದೇ ಅನಿಸಿತ್ತು.

ಸಮಸ್ಯೆ

ಕಣದಲ್ಲಿದ್ದ ಮುಖ್ಯ ಅಭ್ಯರ್ಥಿಗಳು ಮೂವರು. ಒಬ್ಬರು ಹಳಬರು, ಅವರನ್ನು ಹಿರಿಯರು ಎನ್ನುತ್ತೇನೆ. ಇನ್ನೊಬ್ಬರು ಉದ್ಯಮಿ. ಮೂರನೆಯವರು ಪಕ್ಷೇತರ, ಅವರಿಗೆ ಠೇವಣಿ 10,000 ರೂಪಾಯಿ ವಾಪಸ್ ಬಂದರೆ ಸಾಕು ಎಂಬಷ್ಟೇ ಆಸೆ.

ಉದ್ಯಮಿಯ ಬಗ್ಗೆ ನಮ್ಮಲ್ಲಿ ಐದಾರು ಜನರಿಗೆ ಒಳ್ಳೆಯ ಅಭಿಪ್ರಾಯ ಇತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಶಾಲೆಗೆ ಬೆಂಚು ಕೊಟ್ಟಿದ್ದರು. ಆಂಬ್ಯುಲೆನ್ಸ್ ಕೊಟ್ಟಿದ್ದರು. ನಾವು ಸಭೆ ಮಾಡಲಿದ್ದ ಸಭಾಭವನದ ನೆಲಕ್ಕೆ ಗ್ರಾನೈಟ್ ಹಾಸಿಕೊಟ್ಟದ್ದೂ ಅವರೇ. ಬಾಗಿಲ ಪಕ್ಕದ ಕಲ್ಲಿನಲ್ಲಿ ಹೆಸರು ಕೆತ್ತಿದೆ. ನೀತಿ ಸಂಹಿತೆ ಬಂದ ಮೇಲೆ ಆ ಕಲ್ಲಿನ ಮೇಲೆ ಕಾಗದ ಅಂಟಿಸಿದ್ದರು. ಅಂಟು ಸರಿ ಇರಲಿಲ್ಲ, ಕಾಗದ ಗಾಳಿಗೆ ಏಳುತ್ತಿತ್ತು, ಹೆಸರು ಆಗಾಗ ಇಣುಕುತ್ತಿತ್ತು.

ಅವರ ಮೇಲೆ ಒಂದು ವಂಚನೆ ಕೇಸು ಇತ್ತು. ಹಳೆಯ ವ್ಯವಹಾರದ ಪಾಲುದಾರ ಹಾಕಿದ್ದು. ಕೋರ್ಟಿನಲ್ಲಿ ಇನ್ನೂ ನಡೆಯುತ್ತಿತ್ತು. ಕೇಸು ಇರುವವರಿಗೆ ಟಿಕೆಟ್ ಕೊಟ್ಟರೆ ಅವರನ್ನೇ ಯಾಕೆ ಆರಿಸಿದೆವು, ಕೇಸು ಇಲ್ಲದವರು ಯಾಕೆ ಸಿಗಲಿಲ್ಲ ಎಂದು ಪಕ್ಷ ಪ್ರಕಟಿಸಬೇಕು. 2020ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಹೀಗೆ ಹೇಳಿತು. ಗೆಲ್ಲುತ್ತಾರೆ ಎಂಬುದೊಂದೇ ಕಾರಣ ಸಾಲದು, ಅವರ ಅರ್ಹತೆ, ಸಾಧನೆ ಹೇಳಬೇಕು ಎಂದೂ ಹೇಳಿತು. ಬಿಹಾರ ಚುನಾವಣೆಯಲ್ಲಿ ಇದನ್ನು ಸರಿಯಾಗಿ ಪಾಲಿಸದ ಪಕ್ಷಗಳಿಗೆ 2021ರಲ್ಲಿ ದಂಡವನ್ನೂ ಹಾಕಿತು. ಇವರ ವಿಷಯದಲ್ಲಿ ಪಕ್ಷ ಪ್ರಕಟಣೆ ಕೊಟ್ಟದ್ದು ಹೌದು. ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ನೋಟೀಸುಗಳ ನಡುವೆ. "ಜನಪ್ರಿಯ ಸಮಾಜಸೇವಕರು. ಪ್ರಕರಣ ದುರುದ್ದೇಶದಿಂದ ಕೂಡಿದೆ." ಅದೇ ಪಟ್ಟಿಯಲ್ಲಿ ಇನ್ನೂ ನಾಲ್ಕು ಹೆಸರು ಇತ್ತು. ನಾಲ್ವರಿಗೂ ಅಕ್ಷರಕ್ಕೆ ಅಕ್ಷರ ಅದೇ ಎರಡು ವಾಕ್ಯ. ನಾಲ್ವರೂ ಜನಪ್ರಿಯ ಸಮಾಜಸೇವಕರು.

ಕೇಸು ಎಲ್ಲರಿಗೂ ಗೊತ್ತಿದ್ದ ವಿಷಯ. ಸಮಸ್ಯೆ ಬೇರೆ ಕಡೆಯಿಂದ ಬಂತು.

ನಾಮಪತ್ರ ಸಲ್ಲಿಸಿದ ಮೇಲೆ ಅಫಿಡವಿಟ್‌ಗಳು ಚುನಾವಣಾ ಆಯೋಗದ ವೆಬ್‌ಸೈಟಿಗೆ ಬರುತ್ತವೆ. ಆಗ ಆಯೋಗದ ಕೆವೈಸಿ (ನೋ ಯುವರ್ ಕ್ಯಾಂಡಿಡೇಟ್) ಆ್ಯಪ್‌ನಲ್ಲೂ ಸಿಗುತ್ತಿದ್ದವು. ನಮ್ಮ ಹಿರಿಯ ಬ್ಯಾಂಕಿನವರಿಗೆ ಆ ಹೆಸರೇ ಖುಷಿ. "ನಾವು ಐನೂರು ರೂಪಾಯಿ ಖಾತೆಗೂ ಕೆವೈಸಿ ಕೇಳುತ್ತಿದ್ದೆವು" ಎಂದು ನಗುತ್ತಿದ್ದರು. ಅವರು ಮೂವತ್ತು ವರ್ಷ ಸಾಲದ ಅರ್ಜಿ ಓದಿದವರು. ಉದ್ಯಮಿ ಹಿಂದೊಮ್ಮೆ ನಿಂತು ಸೋತಾಗ ಕೊಟ್ಟ ಅಫಿಡವಿಟ್ ಮತ್ತು ಈ ಸಲದ್ದು, ಎರಡನ್ನೂ ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು ಸಾಲು ಸಾಲಾಗಿ ಓದಿದರು. ರಾತ್ರಿ ಹತ್ತೂವರೆಗೆ ನನಗೆ ಫೋನ್ ಮಾಡಿದರು.

"ಸರ್, ಒಂದು ಜಾಗ ಕಾಣುವುದಿಲ್ಲ."

ಹಿಂದಿನದರಲ್ಲಿ ರಸ್ತೆ ಬದಿಯ ಒಂದು ಜಾಗ ಇತ್ತು. ಸರ್ವೆ ನಂಬರ್ ಸಹಿತ. ಈ ಸಲ ಇಲ್ಲ. ಮಾರಿದ ಹಣ ಬ್ಯಾಂಕಿನಲ್ಲಾಗಲಿ, ಬೇರೆ ಕಡೆಯಾಗಲಿ ಕಾಣುತ್ತಿಲ್ಲ. ಬ್ಯಾಂಕಿನವರ ಮಾತು ಇಷ್ಟೇ ಇತ್ತು: "ಕಳ್ಳ ಅಂತ ನಾನು ಹೇಳುವುದಿಲ್ಲ. ಸಾಲದ ಅರ್ಜಿಯಲ್ಲಿ ಹೀಗಿದ್ದರೆ ನಾನು ಪಾರ್ಟಿಯನ್ನು ಕರೆದು ಕೇಳುತ್ತಿದ್ದೆ. ಅಷ್ಟೇ."

ಮಾಡಿ ನೋಡಿದ್ದು

ವಕೀಲರು ದಾರಿ ಹೇಳಿದರು. ಅಫಿಡವಿಟ್‌ನಲ್ಲಿ ಬರೆದದ್ದು ಸತ್ಯವೋ ಸುಳ್ಳೋ ಎಂದು ವಿಚಾರಣೆ ಮಾಡುವುದು ಚುನಾವಣಾಧಿಕಾರಿಯ ಕೆಲಸ ಅಲ್ಲ. ಕಾಲಂ ಖಾಲಿ ಬಿಟ್ಟು, ತುಂಬಿಸಿ ಎಂದು ಹೇಳಿದ ಮೇಲೂ ತುಂಬಿಸದಿದ್ದರೆ ನಾಮಪತ್ರ ತಿರಸ್ಕರಿಸಬಹುದು. ತುಂಬಿಸಿದ್ದರೆ ಮುಗಿಯಿತು. ಸುಳ್ಳು ಹೇಳಿದವರಿಗೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಪ್ರಕಾರ ಆರು ತಿಂಗಳ ತನಕ ಜೈಲು ಅಥವಾ ದಂಡ ಅಥವಾ ಎರಡೂ. ಅದು ಕೋರ್ಟಿನ ದಾರಿ, ವರ್ಷಗಟ್ಟಲೆಯ ದಾರಿ. ಕೂಡಲೇ ಮಾಡಬಹುದಾದದ್ದು ಒಂದೇ. ಯಾರಾದರೂ ಒಬ್ಬ ನಾಗರಿಕ ಪ್ರತಿ ಅಫಿಡವಿಟ್ ಹಾಕಬಹುದು. ಅದನ್ನೂ ನೋಟೀಸ್ ಬೋರ್ಡಿಗೆ ಹಾಕುತ್ತಾರೆ, ವೆಬ್‌ಸೈಟಿಗೂ ಹಾಕುತ್ತಾರೆ. "ಆದರೆ ಹೆಸರು, ವಿಳಾಸ, ಸಹಿ ಬೇಕು" ಎಂದರು ವಕೀಲರು.

ನಮ್ಮ ಮನೆಯ ಚಾವಡಿಯಲ್ಲಿ ಒಂಬತ್ತರಲ್ಲಿ ಎಂಟು ಜನ ಕೂತಿದ್ದೆವು. ಯಾರು ಸಹಿ ಹಾಕುವುದು ಎಂಬ ಪ್ರಶ್ನೆ ಬಂದಾಗ ಡಾಕ್ಟರು ಮೊಬೈಲ್ ನೋಡಿದರು. ಟೀಚರ್ ಸರಕಾರದ ಗೌರವಧನದವರು, ಅವರನ್ನು ಕೇಳುವ ಹಾಗೆಯೇ ಇಲ್ಲ. ಬ್ಯಾಂಕಿನವರು ಅಂಗಿಯ ಕಿಸೆಯಿಂದ ಪೆನ್ ತೆಗೆದರು. ಕ್ಯಾಪನ್ನೂ ತೆಗೆದರು. ಆಮೇಲೆ, "ನನ್ನ ಸೊಸೆ ಅವರ ಸಹಕಾರಿ ಸಂಘದಲ್ಲಿ ಕ್ಲರ್ಕ್ ಅಲ್ವಾ" ಎಂದು ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿ, ಕ್ಯಾಪ್ ಹಾಕಿ ಪೆನ್ ಕಿಸೆಗಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಮುಂದೆ ಬರಲಿಲ್ಲ. ನನಗೆ ಸೊಸೆಯೂ ಇಲ್ಲ, ಸಂಘವೂ ಇಲ್ಲ, ಪಿಂಚಣಿ ನಿಲ್ಲಿಸುವವರೂ ಇಲ್ಲ. ನಡವಳಿಯಲ್ಲಿ "ಪ್ರತಿ ಅಫಿಡವಿಟ್ ವಿಷಯ ಚರ್ಚಿಸಲಾಯಿತು" ಎಂದು ಬರೆದೆ. "ಲಾಯಿತು" ಎಂದು ಬರೆದರೆ ಯಾರು ಮಾಡಿದರು, ಯಾರು ಮಾಡಲಿಲ್ಲ ಎಂದು ಬರೆಯಬೇಕಾಗಿಲ್ಲ.

ಉಳಿದದ್ದು ಸಂವಾದ. ಅಲ್ಲಿ ಕೇಳೋಣ ಎಂದುಕೊಂಡೆವು. ಆಸ್ತಿ ವ್ಯತ್ಯಾಸದ ಪ್ರಶ್ನೆ ಪಟ್ಟಿಯಲ್ಲಿ ಇನ್ನೂ ಇತ್ತಲ್ಲ.

ತಿರುವು ಬಂದದ್ದು ಸಂವಾದದ ಹಿಂದಿನ ರಾತ್ರಿ. ಸೊಸೈಟಿ ಅಧ್ಯಕ್ಷರು ಉದ್ಯಮಿಯ ಕಡೆಗೆ ವಾಲಿದವರು. ಅವರು ನೇರ ಮನುಷ್ಯ, ಅಡಗಿಸಿಡುವವರಲ್ಲ. "ಜಾಗದ್ದು ಕೇಳುವುದಾದರೆ ಹಿರಿಯರ ಎರಡನೇ ಮನೆಯ ವಿಷಯವನ್ನೂ ಕೇಳಿ" ಎಂದರು. ಹಿರಿಯರಿಗೆ ಬೇರೆ ಊರಲ್ಲಿ ಇನ್ನೊಂದು ಸಂಸಾರ ಇದೆ ಎಂಬ ಗುಸುಗುಸು ಹತ್ತು ವರ್ಷದಿಂದ ಇತ್ತು. ಕಂಡವರು ಯಾರೂ ಇಲ್ಲ. ಕೇಳಿದವರು ಎಲ್ಲರೂ.

"ನೀತಿ ಅಂದ್ರೆ ಜಾಗದ ಲೆಕ್ಕ ಮಾತ್ರವಾ? ಮನೆ ಸರಿ ಇಲ್ಲದವನು ಊರು ಸರಿ ಮಾಡ್ತಾನಾ?" ಎಂದು ಕೇಳಿದರು.

ಮಾತು ಜೋರಾಯಿತು. ಟೀಚರ್ ಒಬ್ಬರೇ ಸರಿಯಾದ ಮಾತು ಹೇಳಿದ್ದು. "ಜಾಗದ್ದಕ್ಕೆ ಕಾಗದ ಉಂಟು. ಅದು ಅವರೇ ಸಹಿ ಹಾಕಿದ ಕಾಗದ. ಇದಕ್ಕೆ ಎಂತ ಉಂಟು?" ಎಂದರು. ಅವರ ಮಾತು ಕೇಳಿಸಿಕೊಂಡು ಮುಂದೆ ಹೋದೆವು. ನಮ್ಮ ಸಭೆಗಳಲ್ಲಿ ಹೆಂಗಸರ ಮಾತಿಗೆ ಆಗುವುದು ಸಾಮಾನ್ಯವಾಗಿ ಅಷ್ಟೇ.

ಕೊನೆಗೆ ಡಾಕ್ಟರು ರಾಜಿ ಮಾಡಿದರು. "ಎರಡೂ ಬೇಡ. ಬ್ಯಾಲೆನ್ಸ್ ಆಗ್ತದೆ."

ಎಲ್ಲರಿಗೂ ಉಸಿರು ಬಂತು. ಆಸ್ತಿಯ ಪ್ರಶ್ನೆ ಹೋಯಿತು. ಅದು ಹೋದ ಮೇಲೆ ಕೇಸಿನದ್ದು ಯಾಕೆ, ಅಪರಾಧ ಸಾಬೀತಾಗಿಲ್ಲವಲ್ಲ ಎಂದು ವಕೀಲರು. ಅದೂ ಹೋಯಿತು. ಸಂಬಂಧಿಕರ ಗುತ್ತಿಗೆಯದ್ದು ತಾನಾಗಿಯೇ ಉದುರಿತು. ಉಳಿದದ್ದು ರಾಜೀನಾಮೆ, ಹಾಜರಾತಿ, ನೂರು ದಿನ. ಮೂರು ಬಹಳ ಕಡಿಮೆಯಾಯಿತು ಎಂದು ಒಬ್ಬರು ಒಂದು ಹೊಸ ಪ್ರಶ್ನೆ ಸೇರಿಸಿದರು: "ಇಂದಿನ ಯುವಜನತೆಗೆ ನಿಮ್ಮ ಸಂದೇಶವೇನು?"

ಅದನ್ನು ನೀಲಿ ಶಾಯಿಯಲ್ಲಿ ಬರೆದವನು ನಾನೇ.

ಈಗ ಆ ರಾತ್ರಿಯನ್ನು ನೆನೆಯುವಾಗ ನನಗೆ ಕಾಣುವ ತಪ್ಪು ಇದು. ಒಂದು ಕಡೆ ಪ್ರಮಾಣ ಮಾಡಿ ಕೊಟ್ಟ ದಾಖಲೆ, ಇನ್ನೊಂದು ಕಡೆ ಗಾಳಿಸುದ್ದಿ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಇವನ್ನು ಇಟ್ಟು, ತೂಕ ಸಮ ಬಂತು ಎಂದು ಎರಡನ್ನೂ ಎತ್ತಿಟ್ಟೆವು. ಗಾಳಿಸುದ್ದಿಯನ್ನು ಬಿಟ್ಟದ್ದು ಸರಿಯೇ. ಅದರ ಬೆಲೆಯಾಗಿ ದಾಖಲೆಯನ್ನು ಕೊಟ್ಟದ್ದು ಸರಿಯಲ್ಲ. ಆಗ ಯಾರಿಗೂ ಇದು ವ್ಯಾಪಾರ ಎಂದು ಅನಿಸಲಿಲ್ಲ, ಸೌಜನ್ಯ ಎಂದು ಅನಿಸಿತು.

ನಡೆದದ್ದು

ಅನುಮತಿ ತೆಗೆದುಕೊಂಡಿದ್ದೆವು. ಚುನಾವಣಾ ಆಯೋಗದ ವಿಡಿಯೋ ತಂಡದವರು ಕ್ಯಾಮೆರಾ ಹಿಡಿದು ಬಂದರು. ಚಾ ಮತ್ತು ಗೋಳಿಬಜೆ ಇಟ್ಟಿದ್ದೆವು. ಅದನ್ನು ನೋಡಿ ಒಬ್ಬ ಅಧಿಕಾರಿ ಇದರ ಖರ್ಚು ಯಾವ ಅಭ್ಯರ್ಥಿಯ ಲೆಕ್ಕಕ್ಕೆ ಎಂದು ಕೇಳಿದರು. ಯಾರ ಲೆಕ್ಕಕ್ಕೂ ಅಲ್ಲ, ನಾವೇ ಚಂದಾ ಹಾಕಿದ್ದು ಎಂದೆವು. ಬರೆದುಕೊಡಿ ಎಂದರು. ಕೊಟ್ಟೆವು. ಚುನಾವಣೆಯ ಸಮಯದಲ್ಲಿ ಚಾ, ತಿಂಡಿ, ಕುರ್ಚಿ, ಶಾಮಿಯಾನ ಎಲ್ಲದಕ್ಕೂ ಜಿಲ್ಲಾ ಮಟ್ಟದಲ್ಲಿ ದರಪಟ್ಟಿ ಇರುತ್ತದೆ. ಗೋಳಿಬಜೆಗೆ ಇಷ್ಟು ಕಟ್ಟುನಿಟ್ಟಿನ ಲೆಕ್ಕ ಕೇಳುವ ದೇಶದಲ್ಲಿ ಒಂದು ಜಾಗದ ಲೆಕ್ಕ ಕೇಳಲು ನಮಗೆ ಬಾಯಿ ಬಂದಿರಲಿಲ್ಲ.

ಮೂವರೂ ಬಂದರು. ಸುಮಾರು ಇನ್ನೂರು ಜನ ಸೇರಿದ್ದರು. ಮೂರು ಪ್ರಶ್ನೆ ಚೆನ್ನಾಗಿಯೇ ನಡೆಯಿತು. ರಾಜೀನಾಮೆಯ ಪ್ರಶ್ನೆಗೆ ಹಿರಿಯರು "ಜನ ಹೇಳಿದರೆ ಕೊಡುತ್ತೇನೆ" ಎಂದರು. ಉದ್ಯಮಿ "ಕೋರ್ಟು ಹೇಳಿದರೆ" ಎಂದರು. ಈ ಉತ್ತರದ ಬಗ್ಗೆ ಒಂದು ಮಾತು ಹೇಳಬೇಕು. ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಶಾಸಕ, ಸಂಸದ ತಕ್ಷಣ ಸ್ಥಾನ ಕಳೆದುಕೊಳ್ಳುತ್ತಾನೆ. 2013ರ ಜುಲೈ 10ರ ತೀರ್ಪಿನ ನಂತರ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿದರೆ ಸಿಗುತ್ತಿದ್ದ ರಕ್ಷಣೆಯೂ ಇಲ್ಲ. ಹಾಗಾಗಿ "ಕೋರ್ಟು ಹೇಳಿದರೆ ಕೊಡುತ್ತೇನೆ" ಎನ್ನುವುದು, ಕರೆಂಟ್ ಹೋದರೆ ಫ್ಯಾನ್ ನಿಲ್ಲಿಸುತ್ತೇನೆ ಎಂದ ಹಾಗೆ. ಕಾನೂನು ಇದಕ್ಕಿಂತ ಕೆಳಗೆ ಹೋಗಬೇಡಿ ಎಂದು ಹಾಕಿದ ಗೆರೆಯನ್ನೇ ಅಭ್ಯರ್ಥಿಗಳು ಸೂರಿನ ಎತ್ತರ ಎಂದುಕೊಂಡಿದ್ದಾರೆ. ಜನ ಚಪ್ಪಾಳೆ ತಟ್ಟಿದರು.

ನಾಲ್ಕನೆಯದು ಯುವಜನತೆಗೆ ಸಂದೇಶ. ಆಗ ಹಿಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಎದ್ದಳು. ನೀರಿನ ಬಾಟಲಿ ಕೊಡಲು ಸ್ವಯಂಸೇವಕಿಯಾಗಿ ಬಂದವಳು, ಕೊನೇ ವರ್ಷದ ಬಿಕಾಂ. ಮೊದಲ ಸಲ ಓಟು ಹಾಕುವವಳು.

"ಸಂದೇಶ ಬೇಡ ಸರ್. ಒಂದು ಡೌಟ್ ಉಂಟು" ಎಂದಳು. ಮೊಬೈಲ್ ತೆರೆದು ಸರ್ವೆ ನಂಬರ್ ಓದಿದಳು. ಹಿಂದಿನ ಅಫಿಡವಿಟ್‌ನಲ್ಲಿ ಉಂಟು, ಇದರಲ್ಲಿ ಇಲ್ಲ, ಯಾಕೆ ಎಂದು ಕೇಳಿದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ್ಯಪ್ ತೆರೆದು ಅವಳೇ ನೋಡಿದ್ದಳು. ಒಂಬತ್ತು ಜನ ಹಿರಿಯರು ಎರಡು ವಾರ ಗುಟ್ಟಾಗಿ ಚರ್ಚೆ ಮಾಡಿದ್ದನ್ನು ಆ ಮಗು ಬಸ್ಸಿನಲ್ಲಿ ಕೂತು ಓದಿ ಮುಗಿಸಿತ್ತು.

ಉದ್ಯಮಿ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಕುರ್ಚಿಯಿಂದ ಎದ್ದು ನಿಂತರು.

"ನೋಡಿ ತಂಗಿ, ನಾನು ಪ್ರಮಾಣಕ್ಕೆ ಬರ್ತೇನೆ. ದೇವಸ್ಥಾನವೋ ದೈವಸ್ಥಾನವೋ ನೀವೇ ಹೇಳಿ. ದಿನವೂ ನೀವೇ ಹೇಳಿ. ನಾನು ಒಂದು ರೂಪಾಯಿ ತಪ್ಪು ಮಾಡಿದ್ರೆ ನನ್ನ ಸಂತಾನಕ್ಕೆ ತಟ್ಟಲಿ."

ಸಭಾಭವನದಲ್ಲಿ ಆದ ಚಪ್ಪಾಳೆ ಈಗಲೂ ಕಿವಿಯಲ್ಲಿದೆ. ಆಣೆ, ಪ್ರಮಾಣ ಎಂದರೆ ನಮ್ಮ ಊರಲ್ಲಿ ಸಣ್ಣ ಮಾತಲ್ಲ. ಗಡಿ ತಕರಾರಿನಿಂದ ಹಿಡಿದು ಕೋಳಿ ಕಳವಿನ ತನಕ ದೈವದ ಎದುರು ನಿಂತು ತೀರಿಸಿಕೊಂಡವರು ನಾವು. ಅಂಥ ಮಾತು ಬಾಯಿಂದ ಬಂದ ಮೇಲೆ ಮುಂದೆ ಕೇಳುವುದೇ ಅಧಿಕಪ್ರಸಂಗ ಎಂಬ ಭಾವನೆ ಇದೆ. ರಾಜಕೀಯದವರಿಗೂ ಇದು ಗೊತ್ತು. ಒಬ್ಬರು ಇನ್ನೊಬ್ಬರನ್ನು ಆಣೆಗೆ ಕರೆಯುವುದು ಕರಾವಳಿಯ ಪತ್ರಿಕೆ ಓದುವವರಿಗೆ ಹೊಸದಲ್ಲ.

ಹುಡುಗಿ ಕೂರಲಿಲ್ಲ. ಚಪ್ಪಾಳೆ ನಿಲ್ಲುವ ತನಕ ಕಾದಳು.

"ನೀವು ಆಗಲೇ ಪ್ರಮಾಣ ಮಾಡಿದ್ದೀರಲ್ಲ ಸರ್. ಅಫಿಡವಿಟ್ ಅಂದ್ರೆ ಪ್ರಮಾಣಪತ್ರವೇ ಅಲ್ವಾ? ಅದರ ಬಗ್ಗೆಯೇ ನಾನು ಕೇಳಿದ್ದು."

ಆಗ ಗಂಟೆ ಬಾರಿಸಿತು. ಬಾರಿಸಿದವನು ನಾನು. ಶಾಲೆಯಿಂದ ತಂದಿದ್ದ ಹಿತ್ತಾಳೆಯ ಕೈಗಂಟೆ. ಎರಡು ನಿಮಿಷ ಇನ್ನೂ ಆಗಿರಲಿಲ್ಲ. "ಸಮಯ ಮುಗಿಯಿತು, ಮುಂದಿನವರು" ಎಂದೆ. ಉದ್ಯಮಿ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ಥ್ಯಾಂಕ್ಸ್ ಎಂಬಂತೆ.

ಯಾಕೆ ಬಾರಿಸಿದೆ? ಹಲವು ಉತ್ತರ ಕೊಟ್ಟುಕೊಂಡಿದ್ದೇನೆ. ಗಲಾಟೆಯಾಗಬಾರದು ಎಂದು. ಹುಡುಗಿಗೆ ತೊಂದರೆಯಾಗಬಾರದು ಎಂದು. ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ ಎಂದು. ಎಲ್ಲವೂ ಸ್ವಲ್ಪ ಸ್ವಲ್ಪ ನಿಜ. ಆದರೆ ಅದೇ ಪ್ರಶ್ನೆಯನ್ನು ಅವಳು ಹಿರಿಯರಿಗೆ ಕೇಳಿದ್ದರೆ ನಾನು ಗಂಟೆ ಬಾರಿಸುತ್ತಿದ್ದೆನಾ? ಇಲ್ಲ. ಹಿರಿಯರು ನನಗೆ ಇಷ್ಟ ಇರಲಿಲ್ಲ.

ಆಮೇಲೆ

ರಾತ್ರಿಯೇ 40 ಸೆಕೆಂಡಿನ ವಿಡಿಯೋ ಹರಿದಾಡಿತು. ಪ್ರಶ್ನೆ ಇತ್ತು, ಪ್ರಮಾಣದ ಸವಾಲು ಇತ್ತು, ಚಪ್ಪಾಳೆ ಇತ್ತು. ಹುಡುಗಿಯ ಎರಡನೇ ಮಾತು ಕತ್ತರಿಸಿತ್ತು. ಮರುದಿನ ಊರವರ ಬಾಯಲ್ಲಿ ಅವಳು ಹಿರಿಯರ ಏಜೆಂಟ್ ಆದಳು. ಅವಳ ಅಪ್ಪನಿಗೆ ಸಣ್ಣ ಜಿನಸಿನ ಅಂಗಡಿ. ಯಾರೂ ಹೆದರಿಸಲಿಲ್ಲ. "ಮಗಳು ಜೋರಿದ್ದಾಳೆ" ಎಂದು ನಾಲ್ಕು ಜನ ಬೇರೆ ಬೇರೆ ಹೊತ್ತಿನಲ್ಲಿ ಬಂದು ಹೇಳಿ ಹೋದರಂತೆ. ಅಷ್ಟು ಸಾಕಲ್ಲ. ಅಪ್ಪ ಅವಳ ಮೊಬೈಲ್ ಸ್ವಲ್ಪ ದಿನ ತೆಗೆದಿಟ್ಟರು.

ಹಳ್ಳಿಗಳಲ್ಲಿ ಇನ್ನೊಂದು ನಡೆಯಿತು. ಪ್ರಮಾಣದ ವಿಡಿಯೋ ತೋರಿಸಿ, ಪ್ರಸಾದ ಕೊಟ್ಟು, ಮಾತು ಕೊಡಿ ಎಂದು ಕೇಳುತ್ತಿದ್ದಾರೆ ಎಂದು ಟೀಚರ್ ಹೇಳಿದರು. ವಕೀಲರು ಕಾಯ್ದೆ ತೆಗೆದರು. ಅಭ್ಯರ್ಥಿ ತಾನೇ ಆಣೆ ಹಾಕಿಕೊಂಡರೆ ಅದು ಬೇರೆ. ಓಟು ಹಾಕದಿದ್ದರೆ ದೇವರ ಕೋಪ ತಟ್ಟುತ್ತದೆ ಎಂದು ಮತದಾರನನ್ನು ನಂಬಿಸಿದರೆ ಅದು 123ನೇ ಕಲಮಿನ ಎರಡನೇ ಉಪಕಲಮಿನಲ್ಲಿ ಹೇಳಿದ ಭ್ರಷ್ಟ ಆಚರಣೆ. ಸಾಬೀತಾದರೆ ಆಯ್ಕೆಯೇ ರದ್ದಾಗಬಹುದು. ಅದಕ್ಕೆ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಮತ್ತೆ ಸಹಿ. ಈ ಸಲ ಯಾರೂ ಪೆನ್ನೂ ತೆಗೆಯಲಿಲ್ಲ.

ಪ್ರಮಾಣ ನಡೆಯಲಿಲ್ಲ. ದಿನ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಜಾಗ ಏನಾಯಿತು? ಚುನಾವಣೆ ಮುಗಿದು ಮಳೆಗಾಲ ಶುರುವಾದ ಮೇಲೆ ಬ್ಯಾಂಕಿನವರಿಗೆ ನಿದ್ದೆ ಬರಲಿಲ್ಲ. ಭೂಮಿ ತಂತ್ರಾಂಶದಲ್ಲಿ ಪಹಣಿ, ಮ್ಯುಟೇಶನ್ ನೋಡಿದರು. ಜಾಗವನ್ನು ಉದ್ಯಮಿ ನಾಮಪತ್ರಕ್ಕೆ ಏಳು ತಿಂಗಳ ಮೊದಲು ತಂಗಿಯ ಮಗನಿಗೆ ದಾನಪತ್ರ ಮಾಡಿ ಕೊಟ್ಟಿದ್ದರು. ಅಳಿಯ ಅವಲಂಬಿತ ಅಲ್ಲ. ಅಫಿಡವಿಟ್‌ನಲ್ಲಿ ತೋರಿಸಬೇಕಾಗಿಯೇ ಇರಲಿಲ್ಲ. ಕಾಗದದ ಪ್ರಕಾರ ಎಲ್ಲವೂ ಸರಿ.

ಬ್ಯಾಂಕಿನವರು ಆ ಪ್ರಿಂಟ್ ಹಿಡಿದು ನಮ್ಮ ಮನೆಗೆ ಬಂದಾಗ ನನಗೆ ಮೊದಲು ಸಮಾಧಾನವೇ ಆಯಿತು, ನೋಡಿ. ಆಮೇಲೆ ಕಸಿವಿಸಿ. "ಅಳಿಯನಿಗೆ ದಾನ ಕೊಟ್ಟಿದ್ದೇನೆ" ಎಂದು ಹೇಳಲು ಎಷ್ಟು ಹೊತ್ತು ಬೇಕು? ಹತ್ತು ಸೆಕೆಂಡು. ಅದನ್ನು ಬಿಟ್ಟು ಸಂತಾನದ ಮೇಲೆ ಆಣೆ ಹಾಕುವುದು ಅವರಿಗೆ ಸುಲಭವಾಯಿತು. ಹೇಳಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಈಗಲೇ ಯಾಕೆ ಕೊಟ್ಟಿರಿ, ಅಳಿಯನಿಗೇ ಯಾಕೆ, ಆ ರಸ್ತೆ ಅಗಲವಾಗುವ ಸುದ್ದಿ ಉಂಟಲ್ಲ? ಅದಕ್ಕೂ ಒಳ್ಳೆಯ ಉತ್ತರ ಇದ್ದಿರಬಹುದು. ತಂಗಿಗೆ ಪಾಲು ಕೊಟ್ಟದ್ದೂ ಇರಬಹುದು, ಅಳಿಯಕಟ್ಟಿನ, ಅಂದರೆ ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿಯ ಊರು ಇದು. ನಮಗೆ ಗೊತ್ತಾಗುವ ಅವಕಾಶವನ್ನು ನಾವೇ ಕಳೆದುಕೊಂಡೆವು. ಅವರಿಗೂ ಅನ್ಯಾಯವಾಯಿತು. ಜಾಗ ಮುಚ್ಚಿಟ್ಟವರು ಎಂದು ಊರಲ್ಲಿ ಅರ್ಧ ಜನ ಇವತ್ತಿಗೂ ಅವರನ್ನು ನಂಬುವುದಿಲ್ಲ.

ಬದಲಾಯಿಸಿದ್ದು

ಬಳಗದಲ್ಲಿ ಈಗ ಏಳು ಜನ. ಸೊಸೈಟಿ ಅಧ್ಯಕ್ಷರು ಬಿಟ್ಟರು. ಡಾಕ್ಟರಿಗೆ ಸಮಯ ಇಲ್ಲ. ಉಳಿದವರು ಕೂತು ಆ 14ನೇ ಪುಟ ತೆರೆದು, ಯಾವ ಪ್ರಶ್ನೆಯನ್ನು ಯಾರು ಹೊಡೆದರು ಎಂದು ನೆನಪಿಸಿಕೊಂಡು ಪಕ್ಕದಲ್ಲಿ ಬರೆದೆವು. ಮುಜುಗರದ ಕೆಲಸ. ಯಾವ ಪ್ರಶ್ನೆಯನ್ನೂ ಕೆಟ್ಟ ಮನುಷ್ಯನೊಬ್ಬ ಹೊಡೆದಿರಲಿಲ್ಲ. ಅಭ್ಯರ್ಥಿಗಳ ಕಡೆಯಿಂದ ಒಂದೇ ಒಂದು ಫೋನ್ ಬಂದಿರಲಿಲ್ಲ. ಒತ್ತಡ ಹಾಕುವ ಮೊದಲೇ ಬಾಗಿದ್ದೆವು.

ಮುಂದಿನ ಸಲಕ್ಕೆ ನಾವು ಮಾಡಿಕೊಂಡ ಏರ್ಪಾಡು ದೊಡ್ಡದೇನಲ್ಲ. ಅಭ್ಯರ್ಥಿ ಸ್ವತಃ ಸಹಿ ಹಾಕಿದ ಕಾಗದದಲ್ಲಿ ಇರುವುದನ್ನು ಕೇಳಿಯೇ ಕೇಳುವುದು. ಕಾಗದ ಇಲ್ಲದ್ದನ್ನು ಕೇಳುವುದೇ ಇಲ್ಲ, ಅದು ಎಷ್ಟೇ ರುಚಿಯಾದ ಸುದ್ದಿಯಾಗಿರಲಿ. ಒಂದಕ್ಕೆ ಬದಲಾಗಿ ಇನ್ನೊಂದನ್ನು ಬಿಡುವ ಮಾತು ಸಭೆಯಲ್ಲಿ ಬಂದರೆ ಆ ದಿನಕ್ಕೆ ಸಭೆ ಬರ್ಖಾಸ್ತು. ಪ್ರಶ್ನೆಗಳನ್ನು ಒಂದು ವಾರ ಮೊದಲೇ ಬರಹದಲ್ಲಿ ಅಭ್ಯರ್ಥಿಗೆ ಕಳಿಸುವುದು, ಎದುರಿಗೆ ಹಿಡಿದು ಬೀಳಿಸುವ ಆಟ ಬೇಡ. ಉತ್ತರ ಹುಡುಕಲು ಅವರಿಗೂ ಸಮಯ ಸಿಗಲಿ. ಪ್ರತಿ ಅಫಿಡವಿಟ್ ಬೇಕಾದರೆ ಸಹಿ ಹಾಕುವವರು ಯಾರು ಎಂದು ಚುನಾವಣೆ ಘೋಷಣೆಯಾಗುವ ಮೊದಲೇ ನಿಗದಿ ಮಾಡುವುದು. ಈ ಸಲ ನನ್ನ ಹೆಸರು ಬರೆಸಿದ್ದೇನೆ. ಸಭಾಭವನ ಬೇಡ, ಅಶ್ವತ್ಥಕಟ್ಟೆಯಾದರೂ ಸಾಕು, ಗ್ರಾನೈಟ್ ಇಲ್ಲದ ಜಾಗ. ಭಾಷಣದ ಬಗೆಗಿನ ಆರನೇ ಪ್ರಶ್ನೆಯನ್ನು ವಾಪಸ್ ತರಬೇಕೋ ಬೇಡವೋ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ನಮ್ಮ ಊರಲ್ಲಿ ಅದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಎಲ್ಲಕ್ಕಿಂತ ಹೆದರಿಕೆಯದ್ದೂ ಅದೇ.

ಹುಡುಗಿಗೆ ಈಗ ಬೆಂಗಳೂರಿನಲ್ಲಿ ಕೆಲಸ. ಓಟಿನ ದಿನಕ್ಕೆ ರಾತ್ರಿ ಬಸ್ಸಿನಲ್ಲಿ ಬಂದು, ಓಟು ಹಾಕಿ, ಅದೇ ರಾತ್ರಿ ಹೊರಡುವ ಸಾವಿರಾರು ಮಕ್ಕಳಲ್ಲಿ ಅವಳೂ ಒಬ್ಬಳು. ಮುಂದಿನ ಚುನಾವಣೆಗೆ ಬಂದಾಗ ಬೂತಿನ ಹೊರಗೆ ಸಿಕ್ಕಳು. ಕಣ್ಣಲ್ಲಿ ಬಸ್ಸಿನ ನಿದ್ದೆ, ಬೆರಳಲ್ಲಿ ಹಸಿ ಶಾಯಿ. ನಾನು ಆ ದಿನದ ಬಗ್ಗೆ ಏನೋ ಹೇಳಲು ಹೊರಟೆ. ಅವಳು ಬಿಡಲಿಲ್ಲ.

"ಆ ಗಂಟೆ ಯಾರ ಹತ್ತಿರ ಉಂಟು ಸರ್ ಈಗ?"

ಟೀಚರ್ ಹತ್ತಿರ ಎಂದೆ. ಒಳ್ಳೇದಾಯ್ತು ಎಂದು ಹೇಳಿ ಅಪ್ಪನ ಸ್ಕೂಟರ್ ಹತ್ತಿದಳು.